ಕೊಚ್ಚಿಹೋದ ಮಣ್ಣಿಗೆ ಪರಿಹಾರವೆಷ್ಟು?

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರೈತರು ಕಳೆದುಕೊಂಡದ್ದು ಒಂದು ವರ್ಷದ ಫಸಲನ್ನಷ್ಟೇ ಅಲ್ಲ. ಕಾಫಿ, ಕಾಳುಮೆಣಸುಗಳನ್ನು ಹೊತ್ತಿದ್ದ ನೆಲವನ್ನೇ. ಆದರೆ ನಮ್ಮ ಪರಿಹಾರ ನೀತಿಯು ಬಯಲುಸೀಮೆಯ ಹೊಲವನ್ನೇ ಕಣ್ಣಮುಂದಿಟ್ಟುಕೊಂಡು ರೂಪುಗೊಂಡಂತಿದೆ.

ಕೇಂದ್ರವು 2022-26ರ ಅವಧಿಗೆ ವಿಧಿಸಿದ ಮಾನದಂಡದಂತೆ, ಬಹುವಾರ್ಷಿಕ ಬೆಳೆ ಶೇ 33ರಷ್ಟು ಅಥವಾ ಹೆಚ್ಚು ನಾಶವಾದರೆ ಹೆಕ್ಟೇರಿಗೆ 22,500 ರೂಪಾಯಿ. ಅದೂ ಎರಡು ಹೆಕ್ಟೇರಿಗೆ ಸೀಮಿತ. ಎಕರೆಗೆ ಸುಮಾರು 9,100 ರೂಪಾಯಿ. ಹೊಸದಾಗಿ ನೆಟ್ಟ ಅಡಿಕೆ ಫಲ ಕೊಡಲು ಐದಾರು ವರ್ಷಗಳೇ ಬೇಕು. ಅಲ್ಲಿಯವರೆಗೆ ಈ ಹಣ ಸಂಸಾರವನ್ನು ಸಾಕೀತೇ? ಭೂಕುಸಿತದಲ್ಲಿ ಜಮೀನೇ ಹೋದರೆ ಹೆಕ್ಟೇರಿಗೆ 47,000 ರೂಪಾಯಿ. ಅದೂ ಸಣ್ಣ, ಅತಿಸಣ್ಣ ಹಿಡುವಳಿದಾರರಿಗೆ ಮಾತ್ರ. ಬಾಯಿಮಾತಿನ ಗೇಣಿಗೆ ದುಡಿಯುವವನ ಹೆಸರು ಪಹಣಿಯಲ್ಲಿಲ್ಲ. ಆದ್ದರಿಂದ ಪರಿಹಾರದ ಪಟ್ಟಿಯಲ್ಲಿಯೂ ಇಲ್ಲ.

2021ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ತೋಟಗಾರಿಕೆ ಬೆಳೆಗೆ 18,000ದ ಬದಲು 28,000 ರೂಪಾಯಿ ಘೋಷಿಸಿತ್ತು. ಮನಸ್ಸಿದ್ದರೆ ಮಾರ್ಗವುಂಟೆಂಬುದಕ್ಕೆ ಇದು ಸಾಕ್ಷಿ.

ತೋಟ ಮರಳಿ ಫಲ ಕೊಡುವವರೆಗೆ ವರ್ಷವರ್ಷವೂ ನೆರವು, ಸಾಗುವಳಿ ಮಾಡುವವರ ಪ್ರತ್ಯೇಕ ದಾಖಲೆ, ಇವು ಮಲೆನಾಡಿನ ನ್ಯಾಯವಾದ ಬೇಡಿಕೆಗಳು. ಇವೆಲ್ಲಕ್ಕೂ ಮೊದಲು, ಗುಡ್ಡದ ಬುಡ ಕಡಿಯಲು ಅನುಮತಿ ನೀಡುವುದು ನಿಲ್ಲಲಿ. ಕುಸಿಯದ ಗುಡ್ಡಕ್ಕಿಂತ ಮಿಗಿಲಾದ ಪರಿಹಾರವಿಲ್ಲ.