ಕಾರ್ಪೊರೇಟರ್ ಊರಿಗೆ ಹೋಗಿದಾರಾ?

ಆಯುಧಪೂಜೆ ಮುಗಿದ ವಾರ ನಮ್ಮಜ್ಜಿ ಬಿದ್ದರು. ಮನೆಯಿಂದ ಹತ್ತೇ ಹೆಜ್ಜೆ ದೂರದಲ್ಲಿ. ಬೆಳಗಿನ ಜಾವ ಲಾಲ್‌ಬಾಗಿಗೆ ವಾಕಿಂಗ್ ಹೊರಟವರು, ಗಲ್ಲಿ ತಿರುವಿನಲ್ಲಿ ಚರಂಡಿ ಮೇಲಿನ ಚಪ್ಪಡಿ ಮುರಿದಿದ್ದು ಕಾಣಲಿಲ್ಲ. ಲಗೇಜ್ ಆಟೋ ಒಂದು ರಿವರ್ಸ್ ತೆಗೆಯುವಾಗ ಅದರ ಮೇಲೆ ಹತ್ತಿಸಿ ಮುರಿದಿತ್ತಂತೆ. ಮೇಲಿನ ಬೀದಿದೀಪವೂ ಉರಿಯುತ್ತಿರಲಿಲ್ಲ. ಬಲಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್. ಎಪ್ಪತ್ತೆಂಟರ ವಯಸ್ಸಿನಲ್ಲಿ ಎಡಗೈಲಿ ಊಟ ಮಾಡೋದು ಕಲಿಯಬೇಕಾಯಿತು. ಅದಕ್ಕಿಂತ ಅವರಿಗೆ ಬೇಜಾರಾಗಿದ್ದು ವಾಕಿಂಗ್ ತಪ್ಪಿದ್ದು.

ನಾನು ಮಾಡಿದ್ದು ನೀವೂ ಮಾಡುವ ಕೆಲಸವೇ. ಫೋಟೋ ತೆಗೆದು ಆ್ಯಪ್‌ನಲ್ಲಿ ದೂರು ಹಾಕಿದೆ. ಮೂರು ದಿನಕ್ಕೆ 'ಪರಿಹರಿಸಲಾಗಿದೆ' ಅಂತ ಮೆಸೇಜ್ ಬಂತು. ಕಿಟಕಿಯಿಂದ ಬಗ್ಗಿ ನೋಡಿದರೆ ಚಪ್ಪಡಿ ಹಾಗೇ ಇದೆ, ಕತ್ತಲೂ ಹಾಗೇ ಇದೆ. ಇನ್ನೊಮ್ಮೆ ಹಾಕಿದೆ. ಒಂದು ಕಚೇರಿಯವರು ಇದು ನಮ್ಮದಲ್ಲ ಅಂದರು. ಅವರು ಹೇಳಿದ ಕಚೇರಿಗೆ ಫೋನ್ ಮಾಡಿದರೆ ಅವರದೂ ಅಲ್ಲವಂತೆ.

ಮಂಚದ ಮೇಲೆ ಕೂತು ಇದೆಲ್ಲ ಕೇಳುತ್ತಿದ್ದ ಅಜ್ಜಿ ಅಂದರು, "ಅಲ್ವೋ, ಕಾರ್ಪೊರೇಟರ್ ಮನೆಗೆ ಹೋಗಿ ಒಂದ್ ಮಾತು ಹೇಳಿ ಬರಬಾರದಾ?"

"ಕಾರ್ಪೊರೇಟರ್ ಇಲ್ಲ ಅಜ್ಜಿ."

"ಇಲ್ಲ ಅಂದ್ರೆ? ಊರಿಗೆ ಹೋಗಿದಾರಾ?"

ನಗು ಬಂತು, ಆಮೇಲೆ ಬರಲಿಲ್ಲ. ಬೆಂಗಳೂರಿನ ಚುನಾಯಿತ ಕೌನ್ಸಿಲ್‌ನ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್ 10ಕ್ಕೆ. ಆಮೇಲೆ ಆಡಳಿತಾಧಿಕಾರಿಗಳದ್ದೇ ಕಾರುಬಾರು, ಬಜೆಟ್ಟೂ ಅವರದ್ದೇ ಆಗಿತ್ತು. 2025ರ ಸೆಪ್ಟೆಂಬರ್ 2ಕ್ಕೆ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಬೋರ್ಡು ಬದಲಾಯಿತು. ಆದರೆ ಕೌನ್ಸಿಲ್ ಹಾಲ್‌ನ ಕುರ್ಚಿಗಳು ಆಗಲೇ ಐದು ವರ್ಷದಿಂದ ಖಾಲಿಯಿದ್ದವು.

ಕಾರ್ಪೊರೇಟರ್ ಅಂದರೆ ಫ್ಲೆಕ್ಸ್‌ನಲ್ಲಿ ಕೈಮುಗಿದು ನಿಂತವರು ಅಂತಷ್ಟೇ ತಿಳಿದಿದ್ದ ಪೀಳಿಗೆ ನನ್ನದು. ಆ ಮನುಷ್ಯ ದಿನಾ ಮಾಡುತ್ತಿದ್ದ ಕೆಲಸ ಏನು ಅಂತ ಗೊತ್ತಾಗಿದ್ದು ಈ ಚಪ್ಪಡಿಯಿಂದ. ನೋಡಿ, ರಸ್ತೆ ಪಕ್ಕದ ಮಳೆನೀರಿನ ಚರಂಡಿ ಪಾಲಿಕೆಯದು. ಅದರ ಪಕ್ಕದಲ್ಲೇ ನೆಲದಡಿ ಹೋಗುವ ಒಳಚರಂಡಿ ಜಲಮಂಡಳಿಯದು. ಬೀದಿದೀಪ ಪಾಲಿಕೆಯದು, ಅದಕ್ಕೆ ಬರುವ ಕರೆಂಟು ಬೆಸ್ಕಾಂನದು. ಸಣ್ಣ ಊರಿನ ಪುರಸಭೆಯಲ್ಲಾದರೆ ನೀರು, ದೀಪ, ಚರಂಡಿ, ಕಸ ಬಹುತೇಕ ಒಂದೇ ಸೂರಿನಡಿ. ಮುಖ್ಯಾಧಿಕಾರಿ ರೂಮಿನಿಂದ ಹೊರಬಂದರೆ ಸದಸ್ಯರು ವರಾಂಡದಲ್ಲೇ ಸಿಗುತ್ತಾರೆ. ನಮ್ಮಲ್ಲಿ ಹತ್ತಡಿ ರಸ್ತೆಗೆ ಮೂರು ನಾಲ್ಕು ಯಜಮಾನರು. ಅವರನ್ನೆಲ್ಲ ಬೆಳಗ್ಗೆ ಫೋನ್ ಮಾಡಿ ಒಂದೇ ಜಾಗಕ್ಕೆ ಕರೆಸುವುದೇ ಕಾರ್ಪೊರೇಟರ್ ಕೆಲಸದಲ್ಲಿ ಮುಕ್ಕಾಲು ಪಾಲು ಇತ್ತು ಅನ್ನುತ್ತಾರೆ ನಮ್ಮಪ್ಪ. ಉಳಿದ ಕಾಲು ಪಾಲಿನ ಬಗ್ಗೆ ಅಪ್ಪ ಅಷ್ಟು ಒಳ್ಳೆ ಮಾತಾಡಲ್ಲ, ಬಿಡಿ.

ಊರಿನ ಕೆಲಸ ಊರಿನವರೇ ಕೂತು ಮಾಡೋದು ಇಲ್ಲಿ ಹೊಸದೂ ಅಲ್ಲ. 1862ರ ಮಾರ್ಚ್ 27ರಂದು ಬೆಂಗಳೂರು ಪೇಟೆಯ ಒಂಬತ್ತು ಜನರ ಮುನಿಸಿಪಲ್ ಬೋರ್ಡ್ ಶುರುವಾಯಿತು. ದಂಡಿನ ಕಡೆಗೆ ಬೇರೆಯೇ ಬೋರ್ಡು. ಎರಡೂ ಸೇರಿ ಕಾರ್ಪೊರೇಷನ್ ಆಗಿದ್ದು 1949ರಲ್ಲಿ, ಮೊದಲ ಚುನಾವಣೆ 1950ರಲ್ಲಿ. ನಾವು ದಿನಾ ಬಸ್ಸಿನಲ್ಲಿ ದಾಟುವ ಟೌನ್‌ಹಾಲ್‌ಗೆ ಹೆಸರು ಬಂದಿರುವುದು ಪುಟ್ಟಣ್ಣ ಚೆಟ್ಟಿ ಅವರಿಂದ. ಅವರು ಇದೇ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದವರು.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಅಕ್ಕ. "ಆ್ಯಪ್ ಗೀಪ್ ಬಿಡಿ ಅಣ್ಣ. ಬೆಳಗ್ಗೆ ನಾವು ಹಾಜರಿ ಹಾಕೋ ಜಾಗಕ್ಕೆ ಬನ್ನಿ, ಒಂದೊಂದಿನ ಎಂಜಿನಿಯರ್ ಸಾಹೇಬ್ರು ಆ ಕಡೆ ಬರ್ತಾರೆ" ಅಂದರು. ಆರೂವರೆಗೆ ಎದ್ದು ಹೋದೆ. ಎಂಟಿಆರ್ ಮುಂದೆ ಆಗಲೇ ಜನ ಸೇರುತ್ತಿದ್ದರು. ಮೊದಲ ದಿನ ಎಂಜಿನಿಯರ್ ಬರಲಿಲ್ಲ, ಎರಡನೇ ದಿನವೂ ಇಲ್ಲ. ಮೂರನೇ ದಿನ ಸಿಕ್ಕರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು, ಕೈಲಿ ಎರಡು ಫೋನು, ಎರಡೂ ಹೊಡೆದುಕೊಳ್ಳುತ್ತಿದ್ದವು. ಬೈಯ್ಯೋಣ ಅಂತ ಹೋದವನು ಅವರ ಮುಖ ನೋಡಿ ಸುಮ್ಮನಾದೆ.

"ಬರೆದು ಕೊಡಿ ಸಾರ್" ಅಂದರು. "ಬಾಯಲ್ಲಿ ಹೇಳಿದ್ರೆ ನಾನು ಮರೀತೀನಿ. ಕಾಗದ ಇದ್ರೆ ಅಂದಾಜುಪಟ್ಟಿಗೆ ಸೇರಿಸಬಹುದು. ಮೊದಲು ಇಂಥದ್ದಕ್ಕೆಲ್ಲ ಮೆಂಬರ್ ಫೋನ್ ಬರ್ತಿತ್ತು, ಯಾವುದು ಅರ್ಜೆಂಟು ಅಂತ ಅವರೇ ಹೇಳೋರು. ಈಗ ಎಲ್ಲವೂ ಅರ್ಜೆಂಟೇ."

ಆ ಕೊನೆಯ ಮಾತು ಮನೆಗೆ ಬರುವವರೆಗೂ ಕೊರೆಯಿತು. ಹತ್ತು ಬೀದಿಯಲ್ಲಿ ಹತ್ತು ಚಪ್ಪಡಿ ಮುರಿದಿರುವಾಗ ಯಾವುದಕ್ಕೆ ಮೊದಲು ದುಡ್ಡು ಅಂತ ಯಾರೋ ಒಬ್ಬರು ಹೇಳಲೇಬೇಕು. ಹೇಳಿದವರನ್ನು ತಪ್ಪಾದರೆ ಐದು ವರ್ಷಕ್ಕೊಮ್ಮೆ ಕೇಳುವ ಹಾಗಿರಬೇಕು. ಎಂಜಿನಿಯರ್‌ಗೆ ನಾನು ಓಟು ಹಾಕಿಲ್ಲ, ಅವರು ನನಗೆ ಉತ್ತರ ಕೊಡಬೇಕಿರುವುದು ಮೇಲಧಿಕಾರಿಯ ಮೂಲಕ ಮಾತ್ರ.

ಹಾಗೆ ನೋಡಿದರೆ ಮೆಂಬರ್‌ಗೂ ನಾನು ಓಟು ಹಾಕಿರಲಿಲ್ಲ. ಬಿಬಿಎಂಪಿಯ ಕೊನೆಯ ಚುನಾವಣೆ ನಡೆದಿದ್ದು 2015ರ ಆಗಸ್ಟ್ 22, ಶನಿವಾರ. ನನಗಾಗ ಇಪ್ಪತ್ತೊಂದು. ಬೆಳಗ್ಗೆ ನಾಲ್ಕಕ್ಕೆ ಎದ್ದು ಬೈಕಿನಲ್ಲಿ ನಂದಿಬೆಟ್ಟ. ಆ ದಿನ ಊರಿನ ಮತದಾರರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮತಗಟ್ಟೆ ಕಡೆ ತಲೆ ಹಾಕಿರಲಿಲ್ಲ ಅನ್ನುವುದು ನನಗೆ ಸಮಾಧಾನವೇನೂ ಅಲ್ಲ. ಅಜ್ಜಿ ಮಾತ್ರ ಕ್ಯೂ ನಿಂತು ಹಾಕಿ ಬಂದಿದ್ದರು. ಬೆರಳಿನ ಶಾಯಿ ತೋರಿಸಿ ನನ್ನನ್ನು ಅಣಕಿಸಿದ್ದು ಇನ್ನೂ ನೆನಪಿದೆ.

ಅಕ್ಕಪಕ್ಕದ ಹನ್ನೊಂದು ಮನೆಯವರ ಸಹಿ ಹಾಕಿಸಿ ಅರ್ಜಿ ಕೊಟ್ಟೆ, ಸೀಲ್ ಹಾಕಿದ ಸ್ವೀಕೃತಿ ಇಸ್ಕೊಂಡೆ. ಸಹಿ ಹಾಕಿದವರಲ್ಲಿ ನಾಲ್ಕು ಜನರ ಹೆಸರು ನನಗೆ ಗೊತ್ತಾಗಿದ್ದೇ ಅವತ್ತು. ಹದಿನೇಳನೇ ದಿನಕ್ಕೆ ಹೊಸ ಚಪ್ಪಡಿ ಬಂತು. ಗಟ್ಟಿಯಾಗೇ ಇದೆ, ನಾನೇ ಹತ್ತಿ ನಿಂತು ನೋಡಿದೆ.

ಅಜ್ಜಿ ಪ್ಲಾಸ್ಟರ್ ಬಿಚ್ಚಿಸಿಕೊಂಡು ಮತ್ತೆ ವಾಕಿಂಗ್ ಶುರು ಮಾಡಿದ್ದಾರೆ, ಆದರೆ ಬೆಳಕು ಹರಿದ ಮೇಲೆ. ದೀಪ ಇನ್ನೂ ಉರಿದಿಲ್ಲ. ಅದಕ್ಕೆ ಬೇರೆ ಅರ್ಜಿ ಬೇಕಂತೆ. ಶನಿವಾರ ಹೋಗಬೇಕು.