ಕಡಿಮೆ ದರದ ಪರದೆ

ಚಳ್ಳಕೆರೆಯಲ್ಲಿ ಸೇವೆಯಲ್ಲಿದ್ದಾಗ ಸರ್ಕಾರಿ ಕಟ್ಟಡವೊಂದರ ಹದಿನಾಲ್ಕು ಕಿಟಕಿಗಳಿಗೆ ಪರದೆ ಕೊಳ್ಳುವ ಕಡತ ನನ್ನ ಮೇಜಿಗೆ ಬಂದಿತ್ತು. ಮೂರು ದರಪಟ್ಟಿಗಳಲ್ಲಿ ಅತಿ ಕಡಿಮೆಯದಕ್ಕೆ ಸಹಿ ಹಾಕಿದೆ. ರೂಢಿಯೂ ಅದೇ ಆಗಿತ್ತು. ಲೆಕ್ಕಪರಿಶೋಧನೆಯ ಅಂಜಿಕೆಯೂ ಇತ್ತು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಅದೂ ಒಂದು. ಅಲ್ಲಿನ ಇಳಿಹೊತ್ತಿನ ಬಿಸಿಲಿಗೆ ಎರಡೇ ಬೇಸಿಗೆಯಲ್ಲಿ ನೀಲಿ ಪರದೆಗಳು ಬೂದಿಬಣ್ಣಕ್ಕೆ ತಿರುಗಿದವು. ಒಮ್ಮೆ ಒಗೆದದ್ದಕ್ಕೇ ಗೇಣುದ್ದ ಕುಗ್ಗಿ ಕಿಟಕಿಯ ಅರ್ಧಕ್ಕೆ ನಿಂತವು. ಮೂರನೆಯ ವರ್ಷ ಮತ್ತೆ ಅದೇ ಕಡತ ಬಂತು, ಮತ್ತೆ ಮೂರು ದರಪಟ್ಟಿಗಳೊಡನೆ.

ಆ ಕಟ್ಟಡದ ಕಾವಲುಗಾರ ಮಾತ್ರ ತನ್ನ ಕೋಣೆಯ ಪಶ್ಚಿಮದ ಕಿಟಕಿಗೆ ಕರಿ ಕಂಬಳಿಯೊಂದನ್ನು ಇಳಿಬಿಟ್ಟಿದ್ದ. ಎಷ್ಟು ವರ್ಷದ್ದೆಂದು ಕೇಳಿದೆ. “ನಮ್ಮಪ್ಪ ಕೊಂಡಿದ್ದು ಸ್ವಾಮಿ,” ಎಂದ. ಕುರಿಯ ಉಣ್ಣೆಯನ್ನು ರಾಟೆಯಲ್ಲಿ ನೂತು, ಹಾಸಿಗೆ ಹುಣಸೆ ಬೀಜದ ಗಂಜಿ ಹಚ್ಚಿ, ಕುಣಿಮಗ್ಗದಲ್ಲಿ ನೇಯ್ದ ಚಳ್ಳಕೆರೆಯ ಕಂಬಳಿ ಅದು. ಎಲ್ಲರೂ ಕಿಟಕಿಗೆ ಕಂಬಳಿ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕೆ ನುಸಿ ಹಿಡಿಯುತ್ತದೆ, ಮಳೆಗಾಲದಲ್ಲಿ ವಾಸನೆಯೂ ಬರುತ್ತದೆ. ಆದರೆ ಆ ಮನುಷ್ಯ ಕೊಂಡದ್ದು ಬಾಳಿಕೆಯನ್ನು, ನಾನು ಕೊಂಡದ್ದು ದರವನ್ನು.

ಹೀಗೆಂದು ದುಬಾರಿಯಾದುದೆಲ್ಲ ಉತ್ತಮವೆಂಬ ತೀರ್ಮಾನಕ್ಕೆ ಬರುವುದೂ ತಪ್ಪು. ನೆರೆಯ ಮೊಳಕಾಲ್ಮೂರಿನ ರೇಷ್ಮೆ ನಾಡಿನಾದ್ಯಂತ ಹೆಸರುವಾಸಿ. ಅಂಥ ರೇಷ್ಮೆಯನ್ನು ಒಳಪದರವಿಲ್ಲದೆ ಬಿಸಿಲಿನ ಕಿಟಕಿಗೆ ಕಟ್ಟಿದರೆ ಕೆಲವೇ ವರ್ಷಗಳಲ್ಲಿ ಎಳೆ ಜೀರ್ಣವಾಗಿ ಮಡಿಕೆಯುದ್ದಕ್ಕೂ ಸೀಳುತ್ತದೆ. ಸೀರೆಗೆ ಸಲ್ಲುವ ಗುಣ ಪರದೆಗೆ ಸಲ್ಲುವುದಿಲ್ಲ.

ಕೊಳ್ಳುವವನಿಗೆ ಗುಣಮಟ್ಟ ಕಣ್ಣಿಗೆ ಕಾಣದಿರುವಾಗ ಏನಾಗುತ್ತದೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲೇ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. 2001ರಲ್ಲಿ ನೊಬೆಲ್ ಪಡೆದವರಲ್ಲಿ ಅವರೂ ಒಬ್ಬರು. ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸಲಾಗದ ಗ್ರಾಹಕ ಎರಡಕ್ಕೂ ನಡುವಿನ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯದನ್ನು ಮಾರಲಾಗದವನು ಸಂತೆಯಿಂದಲೇ ಹೊರಟುಹೋಗುತ್ತಾನೆ. ಕೈಮಗ್ಗದ ಸೀರೆ ವಿದ್ಯುತ್‌ಮಗ್ಗದ ನಕಲಿನ ಪಕ್ಕದಲ್ಲಿ ಕುಳಿತಾಗ, ಉಣ್ಣೆಯ ಕಂಬಳಿ ಹಳೆಬಟ್ಟೆಯ ನೂಲಿನ ಪಾಣಿಪತ್ ಹೊದಿಕೆಯ ಪಕ್ಕದಲ್ಲಿ ಕುಳಿತಾಗ ಆಗುವುದು ಇದೇ. ಕೈಮಗ್ಗಕ್ಕೆ ಕೆಲವು ವಸ್ತುಗಳನ್ನು ಮೀಸಲಿಟ್ಟ 1985ರ ಕಾಯ್ದೆಯ ಪಟ್ಟಿಯಲ್ಲಿ ಸೀರೆಯೂ ಇದೆ, ಕಂಬಳಿಯೂ ಇದೆ. ಅಂಗಡಿಯಲ್ಲಿ ನಿಂತು ಅದನ್ನು ಜಾರಿಗೊಳಿಸುವವರು ಯಾರು? 2004ರಲ್ಲಿ ಬಂದ ಸಿಲ್ಕ್ ಮಾರ್ಕ್, 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್‌ಗಳು ಗ್ರಾಹಕನ ಕುರುಡನ್ನು ಸ್ವಲ್ಪಮಟ್ಟಿಗೆ ನೀಗಿಸುವ ಪ್ರಯತ್ನಗಳು. ಚೀಟಿ ತೋರಿಸಿ ಎಂದು ಕೇಳುವ ಗಿರಾಕಿಗಳಿದ್ದರೆ ಮಾತ್ರ ಅವಕ್ಕೆ ಬೆಲೆ.

ತಿಂಗಳ ಸಂಬಳದಲ್ಲಿ ಅಕ್ಕಿಬೇಳೆಗೇ ಲೆಕ್ಕ ಹಾಕುವವರಿಗೆ ಈ ಮಾತು ಹೇಳುವ ಅಧಿಕಾರ ನನಗಿಲ್ಲ. ಅಗ್ಗದ್ದನ್ನು ಪದೇ ಪದೇ ಕೊಳ್ಳುವುದು ಬಡತನದ ಮೇಲಿನ ತೆರಿಗೆಯೇ ಸರಿ. ನನ್ನ ತಕರಾರು ಲಕ್ಷಗಟ್ಟಲೆ ಸುರಿದು ಮನೆ ಕಟ್ಟಿಸಿ, ಕೊನೆಗೆ ಪರದೆಯ ಅಂಗಡಿಯಲ್ಲಿ ಮೀಟರಿಗೆ ಐವತ್ತು ರೂಪಾಯಿಗಾಗಿ ಜಗ್ಗಾಡುವ ನಮ್ಮಂಥವರೊಡನೆ. ಮೀಟರಿಗೆ 250 ರೂಪಾಯಿಯ ಬಟ್ಟೆಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಹತ್ತು ವರ್ಷಕ್ಕೆ 1,250 ರೂಪಾಯಿ. ಹತ್ತು ವರ್ಷ ಬಾಳುವುದಕ್ಕೆ 600. ಪ್ರತಿ ಸಲದ ಹೊಲಿಗೆ ಕೂಲಿ ಬೇರೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಣ್ಣೂರಿನ ಗೃಹಜವಳಿಯಂಥ ಕೈಮಗ್ಗದ ಹತ್ತಿಬಟ್ಟೆ ನಮಗೆ ದೂರದ್ದೇನಲ್ಲ.

ಅಗ್ಗದ ದರವನ್ನು ಒಪ್ಪುವ ನಿಯಮವನ್ನೇ ದೂರುವುದು ನಿವೃತ್ತರಿಗೆ ಸುಲಭ. ನಾನೂ ಬಹುಕಾಲ ಹಾಗೆಯೇ ದೂರಿದೆ. ಆದರೆ ಬೇಕಾದ ಗುಣವನ್ನು ಮೊದಲೇ ಬರೆದು, ಅದಕ್ಕೆ ಒಪ್ಪುವವರಲ್ಲಿ ಕಡಿಮೆ ದರದವರನ್ನು ಆರಿಸಲು ಯಾವ ನಿಯಮವೂ ಅಡ್ಡಬಂದಿರಲಿಲ್ಲ. ಬೆಳಕಿಗೆ ಬಣ್ಣ ಎಷ್ಟು ನಿಲ್ಲುತ್ತದೆಂಬುದಕ್ಕೆ 1ರಿಂದ 8ರವರೆಗಿನ ಅಳತೆಯಿದೆ. ಆ ಅಳತೆಗೋಲು ನೀಲಿ ಬಣ್ಣ ಹಾಕಿದ ಉಣ್ಣೆಬಟ್ಟೆಯ ತುಂಡುಗಳೇ ಎಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರ. ಚದರ ಮೀಟರಿಗೆ ಬಟ್ಟೆಯ ತೂಕ ಎಷ್ಟು, ಒಗೆದರೆ ಎಷ್ಟು ಕುಗ್ಗಬಹುದು, ಒಳಪದರ ಬೇಕೇ ಎಂದು ಇನ್ನೆರಡು ಸಾಲು ಬರೆದಿದ್ದರೆ ಸಾಕಿತ್ತು. ನಾನು ಸಹಿ ಹಾಕಿದ ಹಾಳೆಯಲ್ಲಿ ಇದ್ದದ್ದು ಇಷ್ಟೇ: ‘ಪರದೆ, ನೀಲಿ ಬಣ್ಣ, ಹದಿನಾಲ್ಕು.’