ಉಸಿರಾಟದ ಅಭ್ಯಾಸವೂ ನಮ್ಮ ಪ್ರಾರ್ಥನೆಯೂ

ಪ್ರತಿವರ್ಷ ಜೂನ್ 21ರ ಯೋಗ ದಿನ ಸಮೀಪಿಸುತ್ತಿದ್ದಂತೆ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ: ಪ್ರಾಣಾಯಾಮ ಮಾಡುವುದು ವಿಶ್ವಾಸಕ್ಕೆ ವಿರುದ್ಧವೇ? ರಕ್ತದೊತ್ತಡಕ್ಕೆಂದು ವೈದ್ಯರು ಸೂಚಿಸಿದ ದೀರ್ಘ ಉಸಿರಾಟವನ್ನೂ ಪಾಪವೆಂದು ಭಾವಿಸಿ ಕೈಬಿಟ್ಟವರಿದ್ದಾರೆ. ಮುಂಜಾನೆ ಅರ್ಧ ಗಂಟೆ ಕಣ್ಮುಚ್ಚಿ ಕುಳಿತ ಮೇಲೆ ಜಪಸರವೇಕೆ, ಭಾನುವಾರದ ಬಲಿಪೂಜೆಯೇಕೆ ಎನ್ನುವವರೂ ಇದ್ದಾರೆ. ಉಸಿರಿಗೆ ಇಲ್ಲದ ಶಕ್ತಿಯನ್ನು ಇಬ್ಬರೂ ಆರೋಪಿಸುತ್ತಿದ್ದಾರೆಂಬುದು ನಮ್ಮ ಅಭಿಪ್ರಾಯ.

ನಿಧಾನವಾಗಿ ಉಸಿರೆಳೆದು, ಇನ್ನೂ ನಿಧಾನವಾಗಿ ಬಿಟ್ಟಾಗ ಹೃದಯದ ಬಡಿತ ತಗ್ಗುತ್ತದೆ, ಮೈಯ ಬಿಗಿತ ಸಡಿಲುತ್ತದೆ, ಮನಸ್ಸಿನ ಓಟ ಕಡಿಮೆಯಾಗುತ್ತದೆ. ಹಿಂದೂವಿಗೂ ಕ್ರೈಸ್ತನಿಗೂ ನಾಸ್ತಿಕನಿಗೂ ಇದು ಸಮಾನ. ಪತಂಜಲಿ ಮಹರ್ಷಿಯೂ ಪ್ರಾಣಾಯಾಮವನ್ನು ಎಂಟು ಅಂಗಗಳಲ್ಲಿ ನಾಲ್ಕನೆಯದಾಗಿ ಇರಿಸಿದ್ದಾರೆಯೇ ಹೊರತು ಗುರಿಯಾಗಿ ಅಲ್ಲ. ಅಹಿಂಸೆ, ಸತ್ಯ, ಅಸ್ತೇಯ ಮೊದಲಾದ ಯಮಗಳು ಅದಕ್ಕಿಂತ ಮುಂಚೆ ಬರುತ್ತವೆ. (ಇಂದಿನ ಶಿಬಿರಗಳಲ್ಲಿ ಆ ಮೊದಲ ಮೆಟ್ಟಿಲಿನ ಮಾತು ಹೆಚ್ಚು ಕೇಳಿಬರುವುದಿಲ್ಲ ಎಂಬುದು ಬೇರೆ ಸಂಗತಿ.)

1989ರ ಅಕ್ಟೋಬರ್ 15ರಂದು, ಅವಿಲಾದ ಸಂತ ತೆರೇಸಾರ ಹಬ್ಬದ ದಿನ, ವಿಶ್ವಾಸಬೋಧನೆಯ ಹೊಣೆ ಹೊತ್ತ ವ್ಯಾಟಿಕನ್ ಪೀಠವು ಕಾರ್ಡಿನಲ್ ರಾಟ್ಸಿಂಗರ್ ಅವರ ಸಹಿಯೊಂದಿಗೆ ಧರ್ಮಾಧ್ಯಕ್ಷರಿಗೆ ಒಂದು ಪತ್ರ ಬರೆಯಿತು. ಇತರ ಧರ್ಮಗಳ ಧ್ಯಾನವಿಧಾನಗಳನ್ನು ಅದು ಸಾರಾಸಗಟಾಗಿ ತಳ್ಳಿಹಾಕಲಿಲ್ಲ. ಕ್ರೈಸ್ತ ಪ್ರಾರ್ಥನೆಯ ಸ್ವರೂಪ ಕೆಡದಂತೆ ಉಪಯುಕ್ತವಾದುದನ್ನು ಸ್ವೀಕರಿಸಬಹುದೆಂದಿತು. ಆದರೆ ಶಾರೀರಿಕ ಅಭ್ಯಾಸದಿಂದ ದೊರೆಯುವ ನೆಮ್ಮದಿಯನ್ನು ಪವಿತ್ರಾತ್ಮರ ಸಾಂತ್ವನವೆಂದು ತಿಳಿಯಬಾರದೆಂದೂ ಎಚ್ಚರಿಸಿತು. ಈ ಎಚ್ಚರಿಕೆ ನಮಗೆ ಅತಿಮುಖ್ಯವಾಗಿ ಕಾಣುತ್ತದೆ. ಪ್ರಾರ್ಥನೆಯೆಂದರೆ ಒಬ್ಬ ತಂದೆಯೊಡನೆ ಮಾತು. ಮಗನ ಸಾಲದ ಚಿಂತೆಯಿಂದ ಉಸಿರು ಕಟ್ಟಿ, ಶಿಲುಬೆಯ ಮುಂದೆ ಕಣ್ಣೀರಿಡುವ ತಾಯಿ ಪ್ರಾರ್ಥಿಸುತ್ತಿದ್ದಾಳೆ. ಪದ್ಮಾಸನದಲ್ಲಿ ಪ್ರಶಾಂತವಾಗಿ ಕುಳಿತವನು ಪ್ರಾರ್ಥಿಸುತ್ತಿರಬಹುದು, ಇಲ್ಲದಿರಲೂಬಹುದು.

ಹಾಗೆಂದು ಉಸಿರಿಗೆ ನಮ್ಮ ಪರಂಪರೆಯಲ್ಲಿ ಸ್ಥಾನವಿಲ್ಲವೆಂದಲ್ಲ. 16ನೆಯ ಶತಮಾನದ ಲೊಯೋಲಾದ ಸಂತ ಇಗ್ನೇಷಿಯಸರು ತಮ್ಮ 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥದಲ್ಲಿ ಮೂರು ಪ್ರಾರ್ಥನಾಕ್ರಮಗಳನ್ನು ಹೇಳುತ್ತಾರೆ. ಮೂರನೆಯದರಲ್ಲಿ, ಪ್ರಭು ಕಲಿಸಿದ ಪ್ರಾರ್ಥನೆಯ ಒಂದೊಂದು ಪದವನ್ನು ಒಂದೊಂದು ಉಸಿರಿಗೆ ಜೋಡಿಸಬೇಕು. ಒಂದು ಉಸಿರಿನಿಂದ ಇನ್ನೊಂದರ ನಡುವೆ ಆ ಪದದ ಅರ್ಥದಲ್ಲೋ, ಯಾರಿಗೆ ಪ್ರಾರ್ಥಿಸುತ್ತಿದ್ದೇವೋ ಅವರಲ್ಲೋ ಮನಸ್ಸನ್ನು ನಿಲ್ಲಿಸಬೇಕು.

ನಮ್ಮ ಮನೆಗಳಲ್ಲಿ ಸಂಜೆಯ ಜಪಸರ ಓಡುವ ವೇಗವನ್ನು ಬಲ್ಲವರಿಗೆ ಇದರ ಅಗತ್ಯವನ್ನು ವಿವರಿಸಬೇಕಿಲ್ಲ. ದೂರದರ್ಶನವನ್ನು ಆರಿಸಿ, ಬೆನ್ನು ನೇರವಾಗಿರಿಸಿ ಕುಳಿತು, ಹತ್ತು ಬಾರಿ ಸಾವಕಾಶವಾಗಿ ಉಸಿರಾಡಿ. ಬಳಿಕ ಒಂದು ಉಸಿರಿಗೆ 'ತಂದೆಯೇ' ಎಂಬ ಒಂದೇ ಪದ ಹೇಳಿ ಮುಂದುವರಿಯಿರಿ. ಮಕ್ಕಳಿಗೆ ಐದು ಉಸಿರು ಸಾಕು. ಹೊರಗಿನ ತರಗತಿಗಳಿಗೆ ಹೋಗುವವರು, ವಿಶ್ವಾಸಕ್ಕೆ ಒಗ್ಗದ ಮಂತ್ರವನ್ನು ಹೇಳಿಸಿದಾಗ ಸುಮ್ಮನಿದ್ದರಾಯಿತು. ಹೃದ್ರೋಗ, ಉಬ್ಬಸ ಇರುವವರು ಉಸಿರನ್ನು ತಡೆಹಿಡಿಯುವ ಕುಂಭಕಕ್ಕೆ ವೈದ್ಯರನ್ನು ಕೇಳದೆ ಕೈಹಾಕಬಾರದು.